‘ಕೋಕೋನಟ್’ ಎಂಬ ಸಮಾಸಪದ: ಒಂದು ಶಬ್ದವಿಚಾರ

ಒಂಬತ್ತನೆಯ ತರಗತಿಯಲ್ಲಿ ಸಮಾಸಪ್ರಕರಣವನ್ನು ಬೋಧಿಸುತ್ತಿದ್ದ ಒಂದು ದಿನ, ತೆಂಗಿನ ಮರದಿಂದ ನಮಗೆ ದೊರೆಯುವ ಐದು ವಸ್ತುಗಳ ಹೆಸರನ್ನು ಬರೆಯಿರೆಂದು ಮಕ್ಕಳಿಗೆ ಹೇಳಿದೆನು. ಸುತ್ತಲೂ ತೆಂಗಿನ ತೋಟಗಳೇ ಇರುವ ಸೀಮೆಯಲ್ಲಿ ಇದಕ್ಕಿಂತ ಸುಲಭವಾದ ಪ್ರಶ್ನೆ ಇರಲಾರದೆಂಬುದು ನನ್ನ ಎಣಿಕೆಯಾಗಿತ್ತು. ಹಲವರ ಹಾಳೆಗಳಲ್ಲಿ ಕಂಡುಬಂದುದು ಹೀಗೆ: ಕೋಕೋನಟ್, ಕೋಕೋನಟ್ ನೀರು, ಕೋಕೋನಟ್ ಎಣ್ಣೆ, ಡ್ರೈ ಕೋಕೋನಟ್. ಐದನೆಯದನ್ನು ಅನೇಕರು ಬಿಟ್ಟಿದ್ದರು.

ಡ್ರೈ ಕೋಕೋನಟ್ ಎಂದು ಬರೆದ ಹುಡುಗನೊಬ್ಬನನ್ನು ಎಬ್ಬಿಸಿ, “ನಿಮ್ಮ ತಂದೆಯವರು ತಿಪಟೂರಿನ ಮಾರುಕಟ್ಟೆಗೆ ಏನನ್ನು ಒಯ್ಯುತ್ತಾರಪ್ಪ?” ಎಂದು ಕೇಳಿದೆ.

“ಕೊಬ್ಬರಿ, ಗುರುಗಳೇ.”

“ಹಾಗಾದರೆ ಅದನ್ನೇ ಏಕೆ ಬರೆಯಲಿಲ್ಲ?”

ಹುಡುಗನು ತುಸು ಯೋಚಿಸಿ, “ಅದು ಮನೆಯ ಮಾತು, ಗುರುಗಳೇ” ಎಂದನು.

ಆ ಉತ್ತರವು ಹಲವು ದಿನಗಳವರೆಗೆ ನನ್ನನ್ನು ಬಿಡಲಿಲ್ಲ. ಮನೆಯ ಮಾತು ಪಾಠಶಾಲೆಗೆ ಸಲ್ಲದೆಂದು ಆ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಿರಲಾರರು. ಆದರೂ ಅದು ಹಾಗೆಂದು ತಿಳಿದುಕೊಂಡಿದೆ. ಆದುದರಿಂದ ನಮ್ಮ ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಯಲ್ಲಿ, ಮಕ್ಕಳ ನಾಲಗೆಯ ಮೇಲೆ ಇಷ್ಟು ಸಲೀಸಾಗಿ ಆಡುತ್ತಿರುವ ‘ಕೋಕೋನಟ್’ ಎಂಬ ಇಂಗ್ಲಿಷ್ ಸಮಾಸಪದವನ್ನೇ ಎತ್ತಿಕೊಂಡು, ಅದರ ವಿಗ್ರಹವೇನು, ಅರ್ಥಗಳೆಷ್ಟು, ಅದು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬುದನ್ನು ವಿಚಾರಿಸಲು ತೊಡಗಿದ್ದೇನೆ.

ಪದದ ವಿಗ್ರಹ

ಎರಡು ಅಥವಾ ಅದಕ್ಕಿಂತ ಹೆಚ್ಚು ಪದಗಳು ಅರ್ಥಕ್ಕೆ ಅನುಸಾರವಾಗಿ ಕೂಡಿ ಒಂದೇ ಪದವಾಗುವುದು ಸಮಾಸ. ಸಂಸ್ಕೃತಕ್ಕೂ ಕನ್ನಡಕ್ಕೂ ಇರುವಂತೆ ಇಂಗ್ಲಿಷಿಗೂ ಇದು ಉಂಟು. ಅಲ್ಲಿ ಕೆಲವು ಸಮಾಸಗಳನ್ನು ಒಂದೇ ಪದವಾಗಿ ಕೂಡಿಸಿ ಬರೆಯುತ್ತಾರೆ, ಕೆಲವನ್ನು ನಡುವೆ ಗೀಟಿಟ್ಟು ಬರೆಯುತ್ತಾರೆ, ಇನ್ನು ಕೆಲವನ್ನು ಬಿಡಿಯಾಗಿಯೇ ಬರೆಯುತ್ತಾರೆ. ಕೋಕೋನಟ್ ಎಂಬುದು ಇಂದು ಕೂಡಿಸಿ ಬರೆಯುವ ಜಾತಿಗೆ ಸೇರಿದೆ.

ಇದರ ಪೂರ್ವಪದ ‘ಕೋಕೋ’. ಇದು ಪೋರ್ಚುಗೀಸರ ಮಾತು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ತರುವಾಯ ಆ ದೇಶದ ನಾವಿಕರಿಗೆ ನಮ್ಮ ಕರಾವಳಿಯ ಈ ಫಲದ ಪರಿಚಯವು ಬೆಳೆಯಿತು. ಸುಲಿದ ಕಾಯಿಯ ಚಿಪ್ಪಿನ ಮೇಲೆ ಮೂರು ಕಣ್ಣುಗಳಿರುವುದನ್ನು ಎಲ್ಲರೂ ಬಲ್ಲರು. ಆ ನಾವಿಕರಿಗೆ ಅದು ಹಲ್ಲುಕಿರಿಯುವ ಮುಖದಂತೆ, ಮಕ್ಕಳನ್ನು ಹೆದರಿಸುವ ಗುಮ್ಮನಂತೆ ಕಂಡಿತಂತೆ. ‘ಕೋಕೋ’ ಎಂದರೆ ಅವರ ಭಾಷೆಯಲ್ಲಿ ಅದೇ ಅರ್ಥ. ಅದಕ್ಕೆ ಮುಂಚೆ ಅರಬರೂ ಯುರೋಪಿನವರೂ ಇದನ್ನು ‘ಇಂಡಿಯಾದ ಬೀಜ’ ಎಂಬರ್ಥ ಬರುವಂತೆ ಕರೆಯುತ್ತಿದ್ದರು.

ಉತ್ತರಪದ ‘ನಟ್’. ಬಾದಾಮಿ, ಗೋಡಂಬಿ ಮೊದಲಾದ ಗಟ್ಟಿ ಸಿಪ್ಪೆಯ ಬೀಜಗಳಿಗೆ ಇಂಗ್ಲಿಷಿನವರು ವ್ಯವಹಾರದಲ್ಲಿ ಹೇಳುವ ಮಾತು ಇದು. ಸಸ್ಯಶಾಸ್ತ್ರದ ಪ್ರಕಾರ ತೆಂಗಿನಕಾಯಿ ಈ ಜಾತಿಗೆ ಸೇರಿದುದೇ ಅಲ್ಲ. ಮಾವಿನಂತೆ ಹೊರಗೆ ಸಿಪ್ಪೆ, ನಡುವೆ ನಾರು, ಒಳಗೆ ಗಟ್ಟಿಯಾದ ಓಟೆಯುಳ್ಳ ಹಣ್ಣಿನ ವರ್ಗಕ್ಕೆ ಅದು ಸೇರುತ್ತದೆ. ಸಸ್ಯಗಳಿಗೆ ಲ್ಯಾಟಿನ್ ಹೆಸರುಗಳನ್ನು ಕ್ರಮಪಡಿಸಿದ ಲಿನೇಯಸನು 1753ರಲ್ಲಿ ಇದಕ್ಕಿಟ್ಟ ‘ಕೋಕಸ್ ನ್ಯೂಸಿಫೆರ’ ಎಂಬ ಹೆಸರಿನ ಎರಡನೆಯ ಪದಕ್ಕೂ ‘ಬೀಜವನ್ನು ಹೊರುವಂಥದು’ ಎಂದೇ ಅರ್ಥ.

ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಬಹುದು. ಚಾಕೊಲೇಟು ಮಾಡುವ ಕೋಕೋ ಬೀಜಕ್ಕೂ ತೆಂಗಿಗೂ ಯಾವ ಸಂಬಂಧವೂ ಇಲ್ಲ. ಆದರೆ 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಈ ಎರಡು ಪದಗಳ ವಿವರಣೆಗಳು ಬೆರೆತುಹೋದವು. ಅದರಿಂದಾಗಿ ‘ಕೋಕೋ’ ಎಂಬುದರ ಕೊನೆಗೆ ‘ಎ’ ಅಕ್ಷರವನ್ನು ಸೇರಿಸಿ ಕೋಕೋನಟ್ ಪದವನ್ನು ಬರೆಯುವ ರೂಢಿಯು ಬಹುಕಾಲ ಉಳಿಯಿತು. ನಿಘಂಟುಕಾರನ ಒಂದು ಪ್ರಮಾದವು ಎಷ್ಟು ದೂರ ಸಾಗುತ್ತದೆಂಬುದಕ್ಕೆ ಇದು ನಿದರ್ಶನ. ನಾವು ಅಧ್ಯಾಪಕರೂ ಎಚ್ಚರದಿಂದಿರಬೇಕು.

ಹೀಗೆ ‘ಗುಮ್ಮನ ಮುಖದಂತಹ ಬೀಜ’ ಎಂದು ವಿಗ್ರಹವಾಕ್ಯವನ್ನು ಹೇಳಿದರೆ, ನಮ್ಮ ‘ಜೇನ್ನುಡಿ’ಯಂತೆ ಇದನ್ನು ಉಪಮಾನಪೂರ್ವಪದ ಕರ್ಮಧಾರಯವೆನ್ನಬೇಕಾಗುತ್ತದೆ. ಆದರೆ ಇಂದು ಆ ಪದವನ್ನಾಡುವ ಯಾರಿಗೂ ಗುಮ್ಮನ ನೆನಪಾಗುವುದಿಲ್ಲ. ಅವಯವಗಳ ಅರ್ಥದಿಂದ ಪದದ ಅರ್ಥವು ಹೊರಟರೆ ಅದನ್ನು ಯೋಗವೆಂದೂ, ಅವಯವಾರ್ಥವನ್ನು ಬಿಟ್ಟು ವಾಡಿಕೆಯಿಂದಲೇ ನಿಂತರೆ ರೂಢಿಯೆಂದೂ, ಎರಡೂ ಕೂಡಿದರೆ ಯೋಗರೂಢಿಯೆಂದೂ ಶಾಸ್ತ್ರಕಾರರು ಹೇಳುತ್ತಾರೆ. ಕೆಸರಿನಲ್ಲಿ ಹುಟ್ಟಿದುದೆಲ್ಲವನ್ನೂ ಬಿಟ್ಟು ತಾವರೆಯೊಂದನ್ನೇ ಹೇಳುವ ‘ಪಂಕಜ’ವು ಯೋಗರೂಢಿ. ಗುಮ್ಮನೂ ಮರೆತು, ಬೀಜವೂ ಅಲ್ಲದೆ ಉಳಿದ ಕೋಕೋನಟ್ ಎಂಬುದು ಇಂದು ಬರಿಯ ರೂಢಿಪದ.

ಒಂದು ಪದ, ಹಲವು ಅರ್ಥ

ಈ ರೂಢಿಪದವು ಇಂಗ್ಲಿಷಿನಲ್ಲಿ ಎಷ್ಟು ಅರ್ಥಗಳನ್ನು ಹೊತ್ತಿದೆಯೆಂಬುದನ್ನು ನೋಡೋಣ. ಮರಕ್ಕೂ ಅದೇ ಹೆಸರು. ಎಳೆಯದಿರಲಿ, ಬಲಿತಿರಲಿ, ಫಲಕ್ಕೂ ಅದೇ ಹೆಸರು. ಒಳಗಿನ ಬಿಳಿಯ ತಿರುಳಿಗೂ, ಮಿಠಾಯಿಯ ಮೇಲೆ ಉದುರಿಸುವ ತುರಿಗೂ ಅದೇ ಹೆಸರು. ಲೋಕದ ಆಡುಮಾತಿನಲ್ಲಿ ಮನುಷ್ಯನ ತಲೆಗೂ ಕೋಕೋನಟ್ ಎನ್ನುತ್ತಾರೆ. ಇದು ಸಾದೃಶ್ಯದಿಂದ ಹುಟ್ಟಿದ ಗೌಣಾರ್ಥ. ಇಂಗ್ಲೆಂಡಿನ ಜಾತ್ರೆಗಳಲ್ಲಿ ಕಂಬದ ಮೇಲಿಟ್ಟ ಕಾಯಿಗೆ ಚೆಂಡೆಸೆದು ಬೀಳಿಸುವ ಆಟದ ಹೆಸರಿನಲ್ಲಿಯೂ ಈ ಪದವಿದೆ. ಅಲ್ಲಿ ಕಾಯಿಗೆ ಎಸೆಯುತ್ತಾರೆ, ನಾವು ಕಾಯಿಯನ್ನೇ ಎಸೆಯುತ್ತೇವೆ.

ಈ ಎಲ್ಲಕ್ಕಿಂತ ಕಟುವಾದ ಅರ್ಥವೊಂದುಂಟು. ಹೊರಗೆ ಕಂದು, ಒಳಗೆ ಬಿಳುಪು ಎಂಬ ಗುಣವನ್ನು ಹಿಡಿದು, ಮೈಬಣ್ಣದಿಂದ ಏಷ್ಯ ಆಫ್ರಿಕಗಳವರಾಗಿದ್ದು ಮನಸ್ಸಿನಿಂದ ಬಿಳಿಯರಂತೆ ನಡೆಯುವವರೆಂದು ಹೀಗಳೆಯಲು ಈ ಪದವನ್ನು ಬಳಸುತ್ತಾರೆ. ಬ್ರಿಟನ್ನಿನ ಇಬ್ಬರು ರಾಜಕಾರಣಿಗಳನ್ನು ತೆಂಗಿನಕಾಯಿಗಳಾಗಿ ಚಿತ್ರಿಸಿದ ಫಲಕವನ್ನು ಮೆರವಣಿಗೆಯಲ್ಲಿ ಹಿಡಿದಿದ್ದ ಶಿಕ್ಷಕಿಯೊಬ್ಬರ ಮೇಲೆ ಲಂಡನ್ನಿನಲ್ಲಿ ಮೊಕದ್ದಮೆ ನಡೆದು, 2024ರ ಸೆಪ್ಟೆಂಬರಿನಲ್ಲಿ ಅವರು ನಿರ್ದೋಷಿಯೆಂದು ತೀರ್ಪಾಯಿತು. ಆ ಪದದ ಚಿತ್ರವು ನಿಂದೆಯೋ, ರಾಜಕೀಯ ವಿಡಂಬನೆಯೋ ಎಂಬುದೇ ಅಲ್ಲಿ ವಿಚಾರಣೆಗೆ ಬಂದಿತ್ತು. ‘ಮುಕ್ಕಣ್ಣ’ ಎಂದಾಗ ಮೂರನ್ನೂ ಕಣ್ಣನ್ನೂ ಬಿಟ್ಟು ಬೇರೊಬ್ಬನಾದ ಶಿವನು ತೋರುವಂತೆ, ಇಲ್ಲಿ ಕಾಯಿಯನ್ನು ಬಿಟ್ಟು ಒಬ್ಬ ಮನುಷ್ಯನು ತೋರುತ್ತಾನೆ. ಬಹುವ್ರೀಹಿಯ ಅನ್ಯಪದಾರ್ಥವು ಪೂಜ್ಯತೆಗೂ ಸಲ್ಲುತ್ತದೆ, ನಿಂದೆಗೂ ಸಲ್ಲುತ್ತದೆ.

ನಮ್ಮವರು ಕಟ್ಟಿದ ಪದಗಳು

ಈಗ ನಮ್ಮ ತೋಟದೊಳಕ್ಕೆ ಬರೋಣ. ಇಂಗ್ಲಿಷ್ ಪದವೊಂದು ಹೊರುವ ಭಾರವನ್ನು ಕನ್ನಡವು ಹಲವು ಪದಗಳಿಗೆ ಹಂಚಿದೆ. ತರಗತಿಯಲ್ಲಿ ಬಿಡಿಸಿ ತೋರಿಸಲು ಯೋಗ್ಯವಾದ ಕೆಲವನ್ನು ಇಲ್ಲಿ ಕೊಡುತ್ತೇನೆ.

1. ಹೊಂಬಾಳೆ: ಹೊನ್ + ಪಾಳೆ. ಹೊನ್ನಿನಂತಹ ಪಾಳೆ. ಮಕ್ಕಳು ಇದನ್ನು ಬಾಳೆಯ ಗಿಡವೆಂದು ಭ್ರಮಿಸುತ್ತಾರೆ. ಅಡಕೆಯ ಹಾಳೆಯೆಂಬಲ್ಲಿನ ‘ಹಾಳೆ’ಯ ಹಳೆಯ ರೂಪವೇ ‘ಪಾಳೆ’. ಸಮಾಸದಲ್ಲಿ ಪಕಾರಕ್ಕೆ ಬಕಾರವು ಆದೇಶವಾಗಿದೆ.

2. ಎಳನೀರು: ಎಳದು + ನೀರು. ಗುಣವಾಚಕವು ಪೂರ್ವಪದವಾಗಿರುವ ಕರ್ಮಧಾರಯ. ಮೊದಲಿಗೆ ಒಳಗಿನ ನೀರಿಗೆ ಹೇಳಿದ ಪದವು ಇಂದು ಇಡಿಯ ಫಲಕ್ಕೂ ಸಲ್ಲುತ್ತದೆ. “ಎರಡು ಎಳನೀರು ಕೆತ್ತಿಕೊಡಪ್ಪ” ಎನ್ನುವಾಗ ನೀರನ್ನು ಯಾರೂ ಕೆತ್ತುವುದಿಲ್ಲವಷ್ಟೆ. ಇದು ಲಕ್ಷಣೆ. ಅದರೊಳಗಿನ ಎಳೆಯ ತಿರುಳಿಗೆ ‘ಗಂಜಿ’ ಎಂಬ ಬೇರೆಯ ಹೆಸರೇ ಇದೆ.

3. ತೆಂಗಿನಕಾಯಿ: ತೆಂಗಿನ + ಕಾಯಿ. ಇಲ್ಲಿ ಷಷ್ಠೀ ವಿಭಕ್ತಿಯು ಲೋಪವಾಗದೆ ಉಳಿದಿದೆ. ಸಂಸ್ಕೃತದ ‘ಯುಧಿಷ್ಠಿರ’ದಲ್ಲಿ ಸಪ್ತಮಿಯು ಉಳಿದಂತೆ ಎಂದು ತಿಳಿಯಬಹುದು. ವಿಭಕ್ತಿಯು ಲೋಪವಾದರೆ ‘ತೆಂಗಾಯಿ’. ಹಳ್ಳಿಯ ವೃದ್ಧರು ‘ತೆಂಗಾಯಿ’ ಎಂದರೆ ನಗಬಾರದು. ಸಮಾಸದ ಬಿಗಿ ಅದರಲ್ಲಿಯೇ ಹೆಚ್ಚು.

4. ಈಡುಗಾಯಿ: ಈಡು + ಕಾಯಿ. ದೇವರ ಮುಂದೆ ಎಸೆದು ಒಡೆಯುವ ಕಾಯಿ. ‘ಈಡಾಡು’ ಎಂಬಲ್ಲಿರುವ ಈಡೇ ಇದು. ಮಳೆಗಾಲ ಎಂಬಲ್ಲಿರುವಂತೆ ಕಕಾರಕ್ಕೆ ಗಕಾರವು ಆದೇಶ.

5. ಹಣ್ಣುಕಾಯಿ: ಹಣ್ಣೂ ಕಾಯಿಯೂ. ದ್ವಂದ್ವ. ಇಲ್ಲಿ ಹಣ್ಣೆಂದರೆ ಬಾಳೆಯ ಹಣ್ಣು, ಕಾಯಿಯೆಂದರೆ ತೆಂಗಿನಕಾಯಿ. ಹೇಳದೆಯೇ ತಿಳಿಯುತ್ತದೆ.

6. ಬಟ್ಟಲುಗೊಬ್ಬರಿ: ಬಟ್ಟಲಿನಂತಹ ಕೊಬ್ಬರಿ. ಉಪಮಾನಪೂರ್ವಪದ ಕರ್ಮಧಾರಯ.

ಸಮಾಸವಲ್ಲದ ಬಿಡಿಪದಗಳು ಇನ್ನೂ ಅನೇಕ: ಹೀಚು, ಗೊನೆ, ಮಟ್ಟೆ, ನಾರು, ಚಿಪ್ಪು, ಕರಟ, ಜುಟ್ಟು, ಹೋಳು, ಗರಿ, ಸೋಗೆ. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ಕಾಲ, ಒಂದೊಂದು ಬೆಲೆ.

ಇಷ್ಟರಿಂದ ಕನ್ನಡವು ಎಲ್ಲೆಡೆ ನಿಖರ, ಇಂಗ್ಲಿಷು ಎಲ್ಲೆಡೆ ಮಸುಕು ಎಂದು ಹೇಳಿದರೆ ಪಕ್ಷಪಾತವಾದೀತು. ನಮ್ಮ ‘ಕಾಯಿ’ ಎಂಬ ಪದವನ್ನೇ ನೋಡಿರಿ. ಹಣ್ಣಾಗದುದೆಲ್ಲ ಕಾಯಿ, ಪಗಡೆಯ ಹಾಸಿನ ಮೇಲೆ ನಡೆಸುವುದೂ ಕಾಯಿ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ “ಕಾಯಿ ಕೆಡವಿಸಿದಿರಾ?” ಎಂದರೆ ತೆಂಗಿನಕಾಯಿಯ ಹೊರತು ಬೇರೊಂದಿಲ್ಲ. ‘ಕಲ್ಪತರು’ವೂ ಹಾಗೆಯೇ. ಬೇಡಿದುದನ್ನು ಕೊಡುವ ದೇವಲೋಕದ ವೃಕ್ಷವದು. ನಮ್ಮ ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದ ಮೇಲೆ ಇಲ್ಲಿ ಅದು ತೆಂಗೇ ಆಗಿ ನಿಂತಿದೆ. ಅನೇಕಾರ್ಥವು ಭಾಷೆಯ ದೋಷವಲ್ಲ. ಪ್ರಕರಣವನ್ನರಿತು ಅರ್ಥವನ್ನು ಗ್ರಹಿಸುವ ಶಕ್ತಿಯು ಆಡುವವನಲ್ಲಿ ಉಳಿದಿದೆಯೆ ಎಂಬುದೇ ಪ್ರಶ್ನೆ.

ಕೊಬ್ಬರಿ ಎಂಬುದು ಬರಿಯ ಒಣಗಿದ ಕಾಯಲ್ಲ

‘ಡ್ರೈ ಕೋಕೋನಟ್’ ಎಂಬ ಮಾತು ಏಕೆ ಸಾಲದೆಂಬುದನ್ನು ತೆಂಗು ಬೆಳೆಯುವ ದಾನಿಗಳಿಗೆ ನಾನು ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷದವರೆಗೂ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಒಳಗೆ ಸದ್ದಾಗುತ್ತದೆ. ಆಗ ಮಟ್ಟೆ ಸುಲಿದು, ಚಿಪ್ಪನ್ನು ಜೋಪಾನವಾಗಿ ಒಡೆದು, ಇಡಿಯ ತಿರುಳನ್ನು ಹೊರತೆಗೆಯುತ್ತಾರೆ. ಅದು ಉಂಡೆ ಕೊಬ್ಬರಿ. ತಿಪಟೂರಿನ ಹೆಸರನ್ನು ದೇಶದಲ್ಲಿ ಹಬ್ಬಿಸಿರುವುದು ಅದು. ಹಸಿಯ ಕಾಯಿಯನ್ನೇ ಒಡೆದು, ಹೋಳುಗಳನ್ನು ಬಿಸಿಲಿನಲ್ಲಿಯೋ ಗೂಡಿನ ಶಾಖದಲ್ಲಿಯೋ ಒಣಗಿಸಿದರೆ ಅದು ಎಣ್ಣೆಗೆ ಹೋಗುವ ಕೊಬ್ಬರಿ. ಎರಡೂ ಒಣಗಿದ ಕಾಯಿಯೇ. ಆದರೆ ಒಂದು ಕಾಲದಿಂದ ಪಕ್ವವಾದುದು, ಇನ್ನೊಂದು ಶಾಖದಿಂದ ಒಣಗಿದುದು.

ಸರ್ಕಾರವೂ ಈ ಭೇದವನ್ನು ಒಪ್ಪಿದೆ. ಕೇಂದ್ರ ಸರ್ಕಾರವು 2025ರ ಹಂಗಾಮಿಗೆ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆಯಲ್ಲಿ ಎಣ್ಣೆಯ ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ. ಒಂದು ವಿಶೇಷಣಪದದ ಬೆಲೆ ಕ್ವಿಂಟಾಲಿಗೆ 518 ರೂಪಾಯಿ! ವ್ಯಾಕರಣದಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರವು ನನಗೆ ತಿಳಿಯದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿದ್ದ ಅರ್ಜಿಯೊಂದನ್ನು ನನ್ನಲ್ಲಿಗೆ ತಂದಿದ್ದರು. ಅದರಲ್ಲಿ ‘ಕೋಕೋನಟ್ ಇಳುವರಿ’ ಎಂದಿದ್ದ ಕಡೆ ಅವರು ಕೊಬ್ಬರಿಯ ತೂಕವನ್ನು ಬರೆದಿದ್ದರು. ಕಚೇರಿಯವರು ಕೇಳಿದ್ದುದು ಕಾಯಿಯ ಎಣಿಕೆ. ಅರ್ಜಿಯು ಹಿಂದಕ್ಕೆ ಬಂದು, ಅವರು ಎರಡು ಬಾರಿ ಅಲೆಯಬೇಕಾಯಿತು. ಬರೆದವರದು ತಪ್ಪಲ್ಲ. ಮರದ ಮೇಲಿನ ಕಾಯಿಗೆ ಎಣಿಕೆ, ಅಟ್ಟದಿಂದಿಳಿದ ಕೊಬ್ಬರಿಗೆ ತೂಕ. ಎರಡನ್ನೂ ಒಂದೇ ಪದದಿಂದ ಕೇಳಿದರೆ ಯಾವುದನ್ನು ಹೇಳುವುದು?

ನ್ಯಾಯಾಲಯದ ಮುಂದೆ ನಿಂತ ಪದ

ಈ ತೊಡಕು ಕಾನೂನನ್ನೂ ಬಿಟ್ಟಿಲ್ಲ. 1956ರ ಕೇಂದ್ರ ಮಾರಾಟ ತೆರಿಗೆಯ ಕಾಯ್ದೆಯ 14ನೆಯ ವಿಭಾಗದಲ್ಲಿ ಎಣ್ಣೆಬೀಜಗಳ ಪಟ್ಟಿಯೊಂದಿದೆ. ಅಲ್ಲಿ ‘ಕೋಕೋನಟ್’ ಎಂದು ಬರೆದವರು ಅಷ್ಟಕ್ಕೇ ನಿಲ್ಲಲಾರದೆ, ಅದೆಂದರೆ ಕೊಬ್ಬರಿಯೆಂದೂ ಎಳನೀರನ್ನು ಬಿಟ್ಟು ಎಂದೂ ವಿವರಣೆಯನ್ನು ಸೇರಿಸಬೇಕಾಯಿತು. ನಮ್ಮ ಅಜ್ಜಿಯಂದಿರು ಎರಡು ಪದಗಳಲ್ಲಿ ಬೇರ್ಪಡಿಸಿದ್ದನ್ನು ಶಾಸನಕಾರರು ವಾಕ್ಯವನ್ನು ಹೊಸೆದು ಬೇರ್ಪಡಿಸಿದರು.

ಕೊಬ್ಬರಿ ಎಣ್ಣೆಯ ಕಥೆ ಇನ್ನೂ ಸ್ವಾರಸ್ಯವಾದುದು. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಅದರಿಂದ ಅಡುಗೆ ಮಾಡುತ್ತಾರೆ. ನಮ್ಮ ಕಡೆ ಅದು ಹೆಚ್ಚಾಗಿ ತಲೆಗೆ ಹಚ್ಚುವ ಎಣ್ಣೆ. ಚಿಕ್ಕ ಸೀಸೆಗಳಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆಯು ಖಾದ್ಯತೈಲವೋ ಕೇಶತೈಲವೋ ಎಂಬ ಪ್ರಶ್ನೆ, ತೆರಿಗೆಯ ಕಾರಣದಿಂದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯವನ್ನು ತಾಳಿದರು. ಮೂವರ ಪೀಠವು 2024ರ ಡಿಸೆಂಬರ್ 18ರಂದು ತೀರ್ಪನ್ನಿತ್ತು, ಸೀಸೆಯ ಮೇಲಿನ ಬರಹವೂ ಇತರ ಲಕ್ಷಣಗಳೂ ಕೇಶತೈಲವೆಂದು ಹೇಳದಿದ್ದರೆ ಅದು ಖಾದ್ಯತೈಲವೇ ಎಂದು ನಿರ್ಣಯಿಸಿತು. ಒಂದು ಪದದ ಅರ್ಥವನ್ನು ಪ್ರಕರಣವು ನಿಶ್ಚಯಿಸುತ್ತದೆಂಬ ಆಲಂಕಾರಿಕರ ಮಾತನ್ನೇ ನ್ಯಾಯಪೀಠವು ಬೇರೆ ರೀತಿಯಲ್ಲಿ ಎತ್ತಿಹಿಡಿಯಿತೆನ್ನಬಹುದು.

ದೂರದಿಂದ ಕಂಡವರು, ಹತ್ತಿರದಿಂದ ಬೆಳೆದವರು

ಇಂಗ್ಲಿಷಿಗೆ ಸೂಕ್ಷ್ಮಭೇದಗಳು ಬೇಕಾದಾಗ ಅದು ಏನು ಮಾಡಿತು? ಬೆಳೆಯುವವರ ಭಾಷೆಗಳಿಂದಲೇ ಕಡ ತಂದಿತು. ಕೊಬ್ಬರಿಗೆ ಇಂಗ್ಲಿಷರು ಹೇಳುವ ‘ಕೊಪ್ರಾ’ ಎಂಬುದು ನಮ್ಮ ಕೊಬ್ಬರಿಯ ಬಂಧುವಾದ ಮಲಯಾಳದ ಪದದಿಂದ ಪೋರ್ಚುಗೀಸರ ಮೂಲಕ ಹೋದುದು. ನಾರಿಗೆ ಹೇಳುವ ‘ಕಾಯಿರ್’ ಎಂಬುದೂ ಹಗ್ಗವೆಂಬ ಅರ್ಥದ ಮಲಯಾಳದ ಪದವೇ. ಆದುದರಿಂದ ಇದು ಇಂಗ್ಲಿಷಿನ ಬಡತನದ ಮಾತಲ್ಲ. ಯಾವ ಜನವು ಯಾವ ವಸ್ತುವಿನೊಡನೆ ಬಾಳುತ್ತದೆಯೋ ಆ ಜನದ ಬಾಯಲ್ಲಿ ಆ ವಸ್ತುವಿಗೆ ಪದಗಳು ಹುಟ್ಟುತ್ತವೆ.

ಕೋಕೋನಟ್ ಎಂಬ ಹೆಸರಿನ ಮೂಲದಲ್ಲಿರುವುದು ಹಡಗಿನಿಂದ ಇಳಿದು ಬಂದವನ ನೋಟ. ಅವನಿಗೆ ಕಂಡುದು ಒಂದು ಮುಖ, ಒಂದು ಬೀಜ. ಎಳನೀರು, ಕಾಯಿ, ಕೊಬ್ಬರಿ, ಮಟ್ಟೆ, ಸೋಗೆ ಎಂಬ ಹೆಸರುಗಳನ್ನು ಇಟ್ಟವರು ಗಿಡಕ್ಕೆ ನೀರು ಹೊತ್ತವರು. ನಮ್ಮ ಮಗುವಿಗೆ ಮೊದಲಿನದಷ್ಟೇ ತಿಳಿದು ಎರಡನೆಯವು ಮರೆತುಹೋದರೆ, ಅದು ತನ್ನ ತೋಟದಲ್ಲಿಯೇ ಪರದೇಶಿಯ ಕಣ್ಣಿನಿಂದ ನೋಡಿದಂತಾಗುತ್ತದೆ.

ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವನ್ನು ನೀವೆಲ್ಲರೂ ಕಂಡಿದ್ದೀರಿ. ಒಂಬತ್ತನೆಯ ಶತಮಾನದ ಆ ಗುಡಿಯ ಭುವನೇಶ್ವರಿಯಲ್ಲಿ ನಡುವೆ ನರ್ತಿಸುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಎಂಟು ದಿಕ್ಪಾಲಕರು. ಹೆಸರರಿಯದವನು ತಲೆಯೆತ್ತಿ “ಬೊಂಬೆಗಳು ಚೆನ್ನಾಗಿವೆ” ಎಂದು ಹೊರಟುಹೋಗುತ್ತಾನೆ. ಇವನು ಇಂದ್ರ, ಇವನು ಅಗ್ನಿ, ಇವನು ಯಮ ಎಂದು ಬಲ್ಲವನಿಗೆ ಆ ಕಲ್ಲು ಎಂಟು ದಿಕ್ಕುಗಳನ್ನು ತೋರಿಸುತ್ತದೆ. ಹೆಸರು ತಿಳಿದ ಮೇಲೆ ಕಣ್ಣಿಗೆ ಕಾಣುವುದೇ ಹೆಚ್ಚುತ್ತದೆ.

ನಾಳಿಕೇರಪಾಕ

ಕಾವ್ಯದ ರಸವು ದೊರೆಯುವ ಬಗೆಯನ್ನು ಹಿಂದಿನವರು ದ್ರಾಕ್ಷಾಪಾಕ, ಕದಳೀಪಾಕ, ನಾಳಿಕೇರಪಾಕವೆಂದು ವಿಂಗಡಿಸಿದರು. ದ್ರಾಕ್ಷಿ ಬಾಯಿಗಿಟ್ಟೊಡನೆ ರಸ. ಬಾಳೆಗೆ ಸಿಪ್ಪೆಯಷ್ಟೇ ಅಡ್ಡಿ. ತೆಂಗಿಗಾದರೋ ಸುಲಿಯಬೇಕು, ಒಡೆಯಬೇಕು. ಭಾರವಿಯ ಮಾತು ತೆಂಗಿನಕಾಯಿಯಂತಹುದೆಂದು ವ್ಯಾಖ್ಯಾನಕಾರನಾದ ಮಲ್ಲಿನಾಥನು ಹೇಳಿದುದನ್ನು ವಿದ್ವಾಂಸರು ಬಲ್ಲರು. ವ್ಯಾಕರಣಶಾಸ್ತ್ರವೂ ಅಂತಹುದೇ. ಹೊಯ್ಸಳರ ಕಾಲದ ಕೇಶಿರಾಜನು ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ದ ಸಮಾಸಪ್ರಕರಣವನ್ನು ಬರೆದಾಗ ಕನ್ನಡ, ಸಂಸ್ಕೃತ ಪದಗಳ ಹೊಂದದ ಕೂಟವನ್ನು ಅರಿಸಮಾಸವೆಂದನು. ಪೂರ್ವಕವಿಗಳ ಪ್ರಯೋಗವಿದ್ದಲ್ಲಿ ಅದನ್ನು ಒಪ್ಪಿಯೂ ಒಪ್ಪಿದನು. ನಾವೂ ಹಾಗೆಯೇ ನಡೆಯೋಣ. ರೈಲುನಿಲ್ದಾಣವೆಂಬ ಬೆರಕೆ ಪದವು ನಮ್ಮದೇ ಆಗಿಹೋಗಿದೆ. ಅದು ಇರಲಿ. ಆದರೆ ಎಳನೀರೆಂಬ ಪದವಿರುವಾಗ ‘ಕೋಕೋನಟ್ ನೀರು’ ಯಾರಿಗೆ ಬೇಕು?

ಆ ಪಾಠದ ಮರುವಾರ ನಾನು ಅದೇ ತರಗತಿಗೆ, ಮನೆಯ ಹಿರಿಯರನ್ನು ಕೇಳಿ ತೆಂಗಿನ ಪದಗಳನ್ನು ಬರೆದು ತರುವಂತೆ ಹೇಳಿದೆ. ಕೊಬ್ಬರಿಯನ್ನು ಮನೆಯ ಮಾತೆಂದಿದ್ದ ಹುಡುಗನೇ ಎಲ್ಲರಿಗಿಂತ ಉದ್ದವಾದ ಪಟ್ಟಿಯನ್ನು ತಂದನು. ಅವನ ಅಜ್ಜಿಯವರು ಹೇಳಿ ಬರೆಯಿಸಿದ್ದರು. ಕೊನೆಯಲ್ಲಿ ತನ್ನದೇ ಅಕ್ಷರದಲ್ಲಿ, “ಅಜ್ಜಿಗೆ ಇನ್ನೂ ಗೊತ್ತಿದೆ, ನಾಳೆ ಕೇಳುತ್ತೇನೆ” ಎಂದು ಸೇರಿಸಿದ್ದನು.

ಆ ‘ನಾಳೆ’ಯನ್ನು ಕೈಬಿಡಬಾರದು. ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಪ್ರತಿ ವರ್ಷವೂ ಒಂದು ತರಗತಿಯು ಒಂದು ಕಸುಬಿನ ಪದಗಳನ್ನು ಕೂಡಿಹಾಕಲಿ; ಅದರ ಪುಸ್ತಕವು ನಮ್ಮ ಗ್ರಂಥಭಂಡಾರದಲ್ಲಿರಲಿ. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶ್ರೀಮಠದ ದಾಸೋಹಕ್ಕೆ ಕಾಯಿ ಕೊಡುವಂತೆ, ವರ್ಷಕ್ಕೊಮ್ಮೆ ತರಗತಿಗೆ ಬಂದು ತಮ್ಮ ತೋಟದ ಮಾತುಗಳನ್ನೂ ಕೊಡಲಿ. ‘ದಾಸೋಹ’ವೆಂಬುದು ದಾಸಃ, ಅಹಮ್ ಎಂಬೆರಡು ಪದಗಳು ಕೂಡಿ ಆದುದು, ನಾನು ಸೇವಕನೆಂದು ಅದರರ್ಥ. ಅನ್ನಕ್ಕೆ ದಾಸೋಹವಿರುವ ಮಠದಲ್ಲಿ ಅಕ್ಷರಕ್ಕೂ ಉಂಟು. ನುಡಿಗೂ ಇರಲಿ.